ರೂಟ್ ಅಂದ್ರೆ ಬರೀ ಗೆರೆ ಅಲ್ಲ (ಸಿಂಗಾಪುರ ಡೈರಿ, ಭಾಗ 5)

ಮೊದಲು ಒಂದು ತಪ್ಪೊಪ್ಪಿಗೆ.

ಭಾಗ 3ರಲ್ಲಿ ಒಂದು ಸ್ಕ್ರೀನ್‌ಶಾಟ್ ಹಾಕಿದ್ದೆ, ನೆನಪಿದ್ಯಾ? ಸಿಂಗಾಪುರದ ಮ್ಯಾಪ್ ಮೇಲೆ ಕೆಳಗಿಂದ ಮೇಲಕ್ಕೆ ಹೋಗೋ ಕಿತ್ತಳೆ ಗೆರೆ. ಪಕ್ಕದಲ್ಲಿ "13 ಕಿಮೀ, ಸೂಪರ್ ರೂಟ್, ಕಣ್ಮುಚ್ಕೊಂಡು ಹೋಗಿ" ಅಂತ ಬರೆದಿದ್ದೆ. ತುಂಬಾ ಜನ ಸೇವ್ ಮಾಡ್ಕೊಂಡ್ರಿ. ಮೊನ್ನೆ ಜೂನಿಯರ್ ಒಬ್ಬಳು ಮೆಸೇಜ್ ಮಾಡಿದ್ಲು: "ಅಕ್ಕಾ, ಮುಂದಿನ ತಿಂಗಳು ಅಣ್ಣನ ಮನೆಗೆ ಅಲ್ಲಿಗೇ ಹೋಗ್ತಿದ್ದೀನಿ. ಲಿಂಕ್ ಕಳಿಸಿ, ನಾನೂ ಅದನ್ನೇ ಓಡ್ತೀನಿ."

ಲಿಂಕ್ ಕಳಿಸೋಕೆ ಕೈ ಬರಲಿಲ್ಲ. ಯಾಕಂದ್ರೆ ಆ ಗೆರೆ 13ಕ್ಕೆ ನಿಂತಿದ್ದು ನಾನು ಅಷ್ಟೇ ಓಡೋಣ ಅಂದ್ಕೊಂಡಿದ್ದಕ್ಕಲ್ಲ. ಅಲ್ಲಿ ನಾನು ತಲೆ ತಿರುಗಿ ಕೂತುಬಿಟ್ಟಿದ್ದೆ. ಅದನ್ನ ಬರೆದಿರಲಿಲ್ಲ.

ಆ ದಾರಿಯ ಹೆಸರು ರೈಲ್ ಕಾರಿಡಾರ್. ಹಿಂದೆ ಮಲೇಷ್ಯಾದ ರೈಲು ಓಡ್ತಿದ್ದ ಹಳಿ ದಾರಿ ಅದು. 2011ರ ಜುಲೈ 1ಕ್ಕೆ ಆ ಜಾಗ ಸಿಂಗಾಪುರಕ್ಕೆ ಬಂತು. ಬಿಲ್ಡಿಂಗ್ ಕಟ್ಟಬೇಡಿ, ಹಸಿರಾಗೇ ಬಿಡಿ ಅಂತ ಅಲ್ಲಿನ ಪರಿಸರಪ್ರೇಮಿಗಳು ಕೇಳಿಕೊಂಡಿದ್ದರು. ಹಾಗಾಗಿ ಈಗ ದಕ್ಷಿಣದ ತಾಂಜೊಂಗ್ ಪಗಾರ್‌ನಿಂದ ಉತ್ತರದ ವುಡ್‌ಲ್ಯಾಂಡ್ಸ್‌ವರೆಗೆ 24 ಕಿಮೀ ಉದ್ದದ ದಾರಿ ಇದೆ. ಓಡೋರಿಗೂ ಸರಿ, ಸೈಕಲ್‌ನವರಿಗೂ ಸರಿ. ರೈಲಿನ ದಾರಿ ಆಗಿದ್ದರಿಂದ ದೊಡ್ಡ ಏರು ಇಲ್ಲ. ನಿಜವಾಗಲೂ ಚೆಂದ. ತಪ್ಪು ದಾರಿಯದಲ್ಲ.

ನಾನು ಹೊರಟಿದ್ದು ಬೆಳಗ್ಗೆ ಒಂಬತ್ತೂವರೆಗೆ. ಕೈಯಲ್ಲಿ ಅರ್ಧ ಲೀಟರ್ ನೀರು. ಮೈಸೂರಲ್ಲಿ ಆ ಹೊತ್ತಿಗೆ ಹತ್ತು ಕಿಮೀ ಆರಾಮಾಗಿ ಓಡಿದ್ದೀನಲ್ಲ ಅನ್ನೋ ಧೈರ್ಯ. ಆದರೆ ಸಿಂಗಾಪುರ ಇರೋದು ಭೂಮಧ್ಯರೇಖೆಯ ಪಕ್ಕದಲ್ಲಿ. ಅಲ್ಲಿನ ಗಾಳಿಯಲ್ಲೇ ನೀರು. ಬೆವರು ಸುರಿಯುತ್ತೆ, ಆದರೆ ಆರಲ್ಲ. ಬೆವರು ಆರದಿದ್ರೆ ಮೈ ತಣ್ಣಗಾಗಲ್ಲ. ಮಂಗಳೂರು, ಉಡುಪಿ ಫ್ರೆಂಡ್ಸ್‌ಗೆ ಇದನ್ನ ಹೇಳಿಕೊಡೋದೇ ಬೇಡ. ನನಗೆ ಗೊತ್ತಿರಲಿಲ್ಲ.

ಹಿಲ್‌ವ್ಯೂ ಹತ್ತಿರ ಬರೋವಾಗ ಆ ಸೆಕೆಯಲ್ಲೂ ಕೈಮೇಲೆ ರೋಮ ಎದ್ದು ನಿಂತಿತ್ತು. ಚಳಿ ಥರ. ಆಮೇಲೆ ಕಣ್ಣು ಮಂಜು. ಸೈಕಲ್‌ನಲ್ಲಿ ಬರ್ತಿದ್ದ ವಯಸ್ಸಾದ ಚೀನೀ ಅಂಕಲ್ ಒಬ್ಬರು ನಿಲ್ಲಿಸಿ, ನೆರಳಿಗೆ ಕರ್ಕೊಂಡು ಹೋಗಿ, ಕುತ್ತಿಗೆಗೆ ನೀರು ಸುರಿದು, ತಮ್ಮ ಬ್ಯಾಗಲ್ಲಿದ್ದ 100 ಪ್ಲಸ್ ಕೊಟ್ಟರು. ಬೈಯಲಿಲ್ಲ. "ಟೂ ಲೇಟ್ ಲಾ, ಗರ್ಲ್. ಸೆವೆನ್ ಓ ಕ್ಲಾಕ್ ಕಮ್" ಅಂದ್ರು ಅಷ್ಟೇ. ಬೈಯೋ ಕೆಲಸ ಚಿಕ್ಕಮ್ಮ ಮನೆಯಲ್ಲಿ ಪೂರ್ತಿ ಮಾಡಿದ್ರು.

ಅವತ್ತಿಂದ ನನ್ನ ಅಭಿಪ್ರಾಯ ಇಷ್ಟು: ನಾವು ರೂಟ್ ಅಂತ ಶೇರ್ ಮಾಡೋದು ಅರ್ಧ ರೂಟ್. ಗೆರೆ, ಕಿಲೋಮೀಟರ್, ಒಂದು ಸೆಲ್ಫಿ. ಆ ಗೆರೆ ಹೇಳೋದು ಯಾರೋ ಒಬ್ಬರು ಅಲ್ಲಿ ಹೋಗಿದ್ದರು ಅಂತ ಮಾತ್ರ. ನೀವು ಹೋಗಬಹುದು ಅಂತ ಹೇಳಲ್ಲ. 2018ರ ಜನವರಿಯಲ್ಲಿ ಸ್ಟ್ರಾವಾ ಹೀಟ್‌ಮ್ಯಾಪ್ ದೊಡ್ಡ ಸುದ್ದಿ ಆಗಿತ್ತು. ಸೇನಾ ನೆಲೆಗಳ ಒಳಗೆ ಸೈನಿಕರು ಓಡಿದ ಗೆರೆಗಳೂ ಅದರಲ್ಲಿ ಹೊಳೀತಿದ್ದವು. ಸಿಂಗಾಪುರದಲ್ಲೂ ಮ್ಯಾಪ್ ಮೇಲೆ ಹಸಿರಾಗಿ ಕಾಣೋ ಜಾಗದಲ್ಲಿ ಒಂದಷ್ಟು ಸೇನೆಯ ತರಬೇತಿ ಪ್ರದೇಶ. ಗೆರೆ ಇದೆ ಅಂತ ನುಗ್ಗಿದ್ರೆ ಕಥೆ ಬೇರೆ.

ಹಾಗಾಗಿ ಈಗ ಯಾವ ದಾರಿ ಕಂಡರೂ ನಾಲ್ಕು ಪ್ರಶ್ನೆ ಕೇಳ್ತೀನಿ.

1. ಬಿಡ್ತಾರಾ?
ಮ್ಯಾಕ್‌ರಿಚಿ ಕೆರೆ ಸುತ್ತಿನ ಕಾಡು ದಾರಿ ಟ್ರೇಲ್ ರನ್ನಿಂಗ್‌ಗೆ ನನ್ನ ನಂಬರ್ ಒನ್. ಸುತ್ತು ಹೆಚ್ಚುಕಡಿಮೆ 10-11 ಕಿಮೀ, ಬಹುಪಾಲು ಮರದ ಕೆಳಗೆ. ಆದರೆ ಆ ಕಾಡು ದಾರಿಗೆ ಸೈಕಲ್ ತರೋ ಹಾಗಿಲ್ಲ. ಬುಕಿತ್ ತಿಮಾ ಬೆಟ್ಟದಲ್ಲೂ ಅಷ್ಟೇ. ಎತ್ತರ 163 ಮೀಟರ್, ಆ ದೇಶಕ್ಕೆ ಅದೇ ಅತಿ ಎತ್ತರ. ನಡೆಯೋ ದಾರಿ ಬೇರೆ, ಮೌಂಟನ್ ಬೈಕ್ ದಾರಿ ಬೇರೆ. ದಾರಿ ಬಿಟ್ಟು ಕಾಡಿಗಿಳಿದರೆ ದಂಡ. ಸಣ್ಣ ದ್ವೀಪದಲ್ಲಿ ಉಳಿದಿರೋ ಕಾಡೇ ಅಷ್ಟು. ಎಲ್ಲರೂ ಒಂದೊಂದು ಶಾರ್ಟ್‌ಕಟ್ ಮಾಡಿದ್ರೆ ಏನು ಉಳಿಯುತ್ತೆ?

2. ನೆರಳು ಯಾವ ಹೊತ್ತಿಗೆ?
ಅಲ್ಲಿ ವರ್ಷಪೂರ್ತಿ ಸೂರ್ಯ ಹುಟ್ಟೋದು ಸುಮಾರು ಏಳಕ್ಕೆ, ಮುಳುಗೋದು ಸುಮಾರು ಏಳಕ್ಕೆ. ನಡುನೆತ್ತಿಗೆ ಬರೋದು ಮಧ್ಯಾಹ್ನ ಒಂದರ ಹತ್ತಿರ. ಅಂದ್ರೆ ಬೆಳಗ್ಗೆ ಸಿಗೋದು ಎರಡು ಒಳ್ಳೆ ಗಂಟೆ. ಮಧ್ಯಾಹ್ನದ ಮೇಲೆ ಗುಡುಗು ಮಳೆ ಮಾಮೂಲಿ. ಸಿಡಿಲು ಇರೋವಾಗ ಬಯಲಲ್ಲಿ ಸೈಕಲ್ ಮೇಲೆ ಇರಬಾರದು.

3. ನೀರು ಎಲ್ಲಿ?
ನಲ್ಲಿ ನೀರು ಧೈರ್ಯವಾಗಿ ಕುಡೀಬಹುದು. ಆದರೆ ಆ ನಲ್ಲಿ ಎಷ್ಟನೇ ಕಿಲೋಮೀಟರ್‌ನಲ್ಲಿದೆ ಅಂತ ಮೊದಲೇ ನೋಡ್ಕೊಳ್ಳಿ. ಸೈಕಲ್‌ಗೆ ಈಸ್ಟ್ ಕೋಸ್ಟ್ ಪಾರ್ಕ್ ನನಗೆ ಇಷ್ಟ ಆಗೋದು ಇದಕ್ಕೇ. ಸಮುದ್ರ ತುಂಬಿಸಿ ಮಾಡಿದ ನೆಲ, ಒಂದು ಕಡೆ ಗಾಳಿ, ದಾರಿಯುದ್ದಕ್ಕೂ ಮರ, ಟಾಯ್ಲೆಟ್, ತಿನ್ನೋಕೆ ಹಾಕರ್ ಸೆಂಟರ್. ಅಲ್ಲಿಂದ ಮುಂದೆ ಏರ್‌ಪೋರ್ಟ್ ಪಕ್ಕ ಚಾಂಗಿ ಕಡೆ ಹೋಗೋ ನೇರ ರಸ್ತೆ ಫೋಟೋದಲ್ಲಿ ಸಖತ್, ಬಿಸಿಲಲ್ಲಿ ಬಾಣಲೆ. ಅದನ್ನ ಬೇಗ ದಾಟಿ.

4. ಸಾಕಾದ್ರೆ ವಾಪಸ್ ಹೇಗೆ?
ಓಡೋರಿಗೆ ಸುಲಭ, ಹತ್ತಿರದ ಎಂಆರ್‌ಟಿ ಹತ್ತಿ. ಸೈಕಲ್ ಇದ್ರೆ ಮಡಚೋ ಸೈಕಲ್‌ಗೆ ಮಾತ್ರ ಟ್ರೇನಲ್ಲಿ ಜಾಗ. ಮಾಮೂಲಿ ಸೈಕಲ್ ಆದ್ರೆ ಹೋದಷ್ಟೂ ದೂರ ತುಳಿದೇ ಬರಬೇಕು. ಪುಲಾವ್ ಉಬಿನ್ ದ್ವೀಪಕ್ಕೆ ಹೋದ್ರೆ ಇನ್ನೊಂದು ಲೆಕ್ಕ. ಚಾಂಗಿಯಿಂದ ಬಂಬೋಟ್, 12 ಜನ ಆದ ಮೇಲೆ ಹೊರಡೋದು. ಅಲ್ಲಿನ ಕೆತಾಮ್ ಬೈಕ್ ಟ್ರೇಲ್‌ನಲ್ಲಿ ಎಷ್ಟು ಕಷ್ಟ ಅಂತ ಬೋರ್ಡ್ ಹಾಕಿರ್ತಾರೆ. ನಿಮ್ಮ ಲೆವೆಲ್‌ದು ಆರಿಸ್ಕೊಳ್ಳಿ, ಕತ್ತಲಾಗೋ ಮುಂಚೆ ದಡಕ್ಕೆ ಬನ್ನಿ.

"ಇಷ್ಟೆಲ್ಲಾ ಲೆಕ್ಕ ಹಾಕಿದ್ರೆ ಅಡ್ವೆಂಚರ್ ಎಲ್ಲಿರುತ್ತೆ ಗುರು?" ಅಂತ ಕಾಮೆಂಟ್ ಬರುತ್ತೆ, ಗೊತ್ತು. ಆ ಅಂಕಲ್ ಬರದೇ ಇದ್ದಿದ್ರೆ ಅದು ಅಡ್ವೆಂಚರ್ ಆಗಿರ್ತಿರಲಿಲ್ಲ, ಅಮ್ಮನಿಗೆ ಒಂದು ಫೋನ್ ಕಾಲ್ ಆಗಿರ್ತಿತ್ತು. ಲೆಕ್ಕ ಹಾಕಿ ಹೋದ ಮೇಲೆ ನನಗೆ ಮಜಾ ಜಾಸ್ತಿಯೇ ಆಗಿದೆ. ಮ್ಯಾಕ್‌ರಿಚಿಯಲ್ಲಿ ಕೋತಿಗಳನ್ನ ನೋಡ್ತಾ ನಿಲ್ಲೋಕೆ ಟೈಮ್ ಸಿಕ್ಕಿದ್ದು ಏಳಕ್ಕೇ ಹೊರಟಿದ್ದಕ್ಕೆ. (ಕವರ್ ಸದ್ದು ಮಾಡಬೇಡಿ, ತಿಂಡಿ ಅಂದ್ಕೊಂಡು ಬಂದೇ ಬಿಡ್ತವೆ.)

ಸೀರಿಯಸ್ ಆಗಿ ಒಂದು ಮಾತು. ಸೆಕೆಯಲ್ಲಿ ಚಳಿ ಅನ್ನಿಸೋದು, ತಲೆ ತಿರುಗೋದು, ವಾಕರಿಕೆ ಬಂದ್ರೆ ಅಲ್ಲೇ ನಿಲ್ಲಿಸಿ. ನೆರಳು, ಮೈಮೇಲೆ ನೀರು, ಕುಡಿಯೋಕೆ ನೀರು. ಜೊತೆಯವರು ಅರ್ಥವಿಲ್ಲದ ಹಾಗೆ ಮಾತಾಡ್ತಿದ್ರೆ ಕಾಯಬೇಡಿ, ಸಿಂಗಾಪುರದಲ್ಲಿ ಆಂಬುಲೆನ್ಸ್ ನಂಬರ್ 995.

ಜೂನಿಯರ್‌ಗೆ ಕೊನೆಗೆ ಲಿಂಕ್ ಕಳಿಸಿದೆ. ಜೊತೆಗೆ ಬರೆದೆ: "ಏಳಕ್ಕೆ ಹೊರಡು. ಒಂದೂವರೆ ಲೀಟರ್ ನೀರು. ಅಣ್ಣನಿಗೆ ಲೊಕೇಶನ್ ಶೇರ್ ಮಾಡು. ಸಾಕು ಅನ್ನಿಸಿದ್ರೆ ಹಿಲ್‌ವ್ಯೂ ಸ್ಟೇಷನ್‌ಗೆ ತಿರುಗು. ನಾನು ಅಲ್ಲೇ ಕುಸಿದಿದ್ದು." ಅವಳ ರಿಪ್ಲೈ: "ಅಕ್ಕಾ, ಇದನ್ನ ಮೊದಲೇ ಹಾಕಬಾರದಿತ್ತಾ?"

ಹಾಕಬೇಕಿತ್ತು. ಅದಕ್ಕೇ ಈ ಪೋಸ್ಟ್. ಭಾಗ 3 ಸೇವ್ ಮಾಡಿರೋರು ಇದನ್ನೂ ಅದರ ಜೊತೆ ಸೇವ್ ಮಾಡ್ಕೊಳ್ಳಿ. ನಿಮ್ಮ ಮುಂದಿನ ರೂಟ್ ಪೋಸ್ಟ್‌ನಲ್ಲಿ ಎಷ್ಟು ಗಂಟೆಗೆ ಹೊರಟ್ರಿ, ಎಲ್ಲಿ ನೀರು ಸಿಕ್ತು, ಎಲ್ಲಿ ಸುಸ್ತಾಯ್ತು ಅಂತಾನೂ ಬರೀರಿ. ಸ್ವಲ್ಪ ಮರ್ಯಾದೆ ಹೋಗುತ್ತೆ, ಪರವಾಗಿಲ್ಲ. 🙂

ಭಾಗ 6ರಲ್ಲಿ ಉಬಿನ್ ಫೋಟೋಗಳು.

#ಸಿಂಗಾಪುರಡೈರಿ #ಅರ್ಧರೂಟ್‌ಬೇಡ #ಓಟ #ಸೈಕಲ್