ಸಂಡೂರಿನ ಇಳಿಜಾರೂ ಜಲಜನಕದ ಲಾರಿಯೂ

ಸಂಡೂರಿನ ಬೆಟ್ಟಗಳ ಹಾದಿಯಲ್ಲಿ ಬಸ್ಸಿನಲ್ಲಿ ಓಡಾಡಿದವರಿಗೆ ಒಂದು ವಾಸನೆಯ ಪರಿಚಯವಿದ್ದೇ ಇರುತ್ತದೆ. ಅದಿರು ತುಂಬಿದ ಲಾರಿಯೊಂದು ಮುಂದೆ ಮೆಲ್ಲಮೆಲ್ಲನೆ ಇಳಿಯುತ್ತಿರುತ್ತದೆ. ಚಾಲಕನು ಗೇರನ್ನು ತಗ್ಗಿಸಿ, ಬ್ರೇಕನ್ನು ಅದುಮುತ್ತ ಸಾಗುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ಸುಟ್ಟ ಕಮಟೊಂದು ಗಾಳಿಯಲ್ಲಿ ಹರಡಿ, ಬಸ್ಸಿನೊಳಗಿನವರು ಸೆರಗಿನಿಂದಲೋ ಕರವಸ್ತ್ರದಿಂದಲೋ ಮೂಗನ್ನು ಮುಚ್ಚಿಕೊಳ್ಳುತ್ತಾರೆ. ಹೊಸಪೇಟೆಯ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುವ ನಾನು ನನ್ನ ವಿದ್ಯಾರ್ಥಿಗಳಿಗೆ ಈ ವಾಸನೆಯನ್ನೇ ಉದಾಹರಣೆಯಾಗಿ ಕೊಡುತ್ತೇನೆ. ಎತ್ತರದಲ್ಲಿದ್ದ ಅದಿರಿನ ಪ್ರಚ್ಛನ್ನಶಕ್ತಿಯು ಶಾಖವಾಗಿ ಮಾರ್ಪಟ್ಟು ವ್ಯರ್ಥವಾಗಿ ಹೋಗುತ್ತಿರುವುದರ ಗುರುತು ಅದು. ಆ ಎತ್ತರವನ್ನು ಅದಿರಿಗೆ ಯಾರೂ ಹಣ ತೆತ್ತು ಒದಗಿಸಿದ್ದಲ್ಲ. ಭೂಮಿಯ ಚರಿತ್ರೆಯೇ ಅದನ್ನು ದಯಪಾಲಿಸಿದೆ. ಪುಕ್ಕಟೆಯಾಗಿ ದೊರೆತ ಆ ಸೊತ್ತನ್ನು ನಾವು ದಿನವೂ ಬ್ರೇಕಿನ ಪಟ್ಟಿಗಳಲ್ಲಿ ಸುಡುತ್ತಿದ್ದೇವೆ.

ಈ ಮಾತನ್ನು ಈಗ ಎತ್ತಲು ಒಂದು ಕಾರಣವುಂಟು. ಜಲಜನಕದಿಂದ ಓಡುವ ವಾಹನಗಳ ವಿಚಾರವು ನಮ್ಮ ದೇಶದಲ್ಲಿ ಮಾತಿನ ಹಂತವನ್ನು ದಾಟಿದೆ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರವು 19,744 ಕೋಟಿ ರೂಪಾಯಿಗಳ ರಾಷ್ಟ್ರೀಯ ಹಸಿರು ಜಲಜನಕ ಯೋಜನೆಗೆ ಒಪ್ಪಿಗೆಯನ್ನಿತ್ತಿತು. 2025ರ ಮಾರ್ಚಿಯಲ್ಲಿ ಆ ಯೋಜನೆಯ ಅಂಗವಾಗಿ 37 ಬಸ್ಸು ಲಾರಿಗಳನ್ನು ದೇಶದ 10 ಮಾರ್ಗಗಳಲ್ಲಿ ಪ್ರಯೋಗಾರ್ಥವಾಗಿ ಓಡಿಸಲು ಸುಮಾರು 208 ಕೋಟಿ ರೂಪಾಯಿಗಳ ನೆರವು ಮಂಜೂರಾಯಿತು. ಆ ಹತ್ತು ಮಾರ್ಗಗಳಲ್ಲಿ ಕರ್ನಾಟಕದ್ದು ಒಂದೂ ಇಲ್ಲ. ಇಷ್ಟೊಂದು ಲಾರಿಗಳು ಓಡಾಡುವ ನಮ್ಮ ಸೀಮೆಗೆ ಇಂಥದೊಂದು ಪ್ರಯೋಗ ಏಕೆ ಬರಬಾರದೆಂದು ಹಲವರು ಕೇಳುವುದುಂಟು. ಬರಬೇಕೆಂದೇ ನನ್ನ ಅಭಿಪ್ರಾಯವೂ ಕೂಡ. ಆದರೆ ಬಂದಾಗ ನಾವು ಪರೀಕ್ಷಿಸಿ ನೋಡಬೇಕಾದ ಮುಖ್ಯ ವಸ್ತು ಯಾವುದೆಂಬುದನ್ನು ಮೊದಲೇ ತಿಳಿದುಕೊಂಡಿರುವುದು ಒಳ್ಳೆಯದು. ಎಲ್ಲರ ಕಣ್ಣೂ ಜಲಜನಕದ ಮೇಲಿದೆ. ಸಂಡೂರಿನಂಥ ಊರಿನಲ್ಲಿ ಲಾಭ ನಷ್ಟಗಳನ್ನು ತೀರ್ಮಾನಿಸತಕ್ಕದ್ದಾದರೋ ವಾಹನದಲ್ಲಿ ಶಕ್ತಿಯನ್ನು ಕೂಡಿಡುವ ಉಗ್ರಾಣ.

ಇಂಧನಕೋಶವೆಂಬ ಸಾಧನವು ಹೊಸತೇನೂ ಅಲ್ಲ. ಜಲಜನಕವೂ ಆಮ್ಲಜನಕವೂ ಕೂಡಿ ನೀರಾಗುವಾಗ ವಿದ್ಯುತ್ತು ಹುಟ್ಟುವುದೆಂಬುದನ್ನು ವಿಲಿಯಂ ಗ್ರೋವ್ ಎಂಬ ವಿಜ್ಞಾನಿ 1839ರ ಸುಮಾರಿಗೇ ಕಂಡುಕೊಂಡಿದ್ದನು. 1965ರಲ್ಲಿ ಅಮೆರಿಕದ ಜೆಮಿನಿ ಗಗನನೌಕೆಯಲ್ಲಿ ಇಂಧನಕೋಶವು ವಿದ್ಯುತ್ತನ್ನು ಒದಗಿಸಿತು. ಇಂದಿನ ಮೋಟಾರು ವಾಹನಗಳಲ್ಲಿ ಬಳಸುವ ಕೋಶದಲ್ಲಿ ತೆಳುವಾದ ಒಂದು ಪೊರೆ, ಅದರ ಎರಡು ಕಡೆಗೂ ಪ್ಲಾಟಿನಮ್ಮಿನ ಲೇಪ ಇರುತ್ತವೆ. ಒಂದು ಮಗ್ಗುಲಿಗೆ ಬಂದ ಜಲಜನಕವು ಅಲ್ಲಿ ಪ್ರೋಟಾನು ಎಲೆಕ್ಟ್ರಾನುಗಳಾಗಿ ಬೇರ್ಪಡುವುದು. ಪ್ರೋಟಾನುಗಳು ಪೊರೆಯ ಮೂಲಕ ಆಚೆಗೆ ನುಸುಳುವುವು. ಎಲೆಕ್ಟ್ರಾನುಗಳಿಗೆ ಆ ದಾರಿಯಿಲ್ಲದ್ದರಿಂದ ಅವು ತಂತಿಯಲ್ಲಿ ಸುತ್ತಿ ಬರುವುವು. ಆ ಸುತ್ತಿನಲ್ಲಿಯೇ ಮೋಟಾರನ್ನು ತಿರುಗಿಸುವುವು. ಕೊನೆಗೆ ಎಲ್ಲವೂ ಗಾಳಿಯ ಆಮ್ಲಜನಕದೊಡನೆ ಸೇರಿ ನೀರಾಗುವುದು. ಹೊಗೆಯಿಲ್ಲ, ಮಸಿಯಿಲ್ಲ.

ಇಷ್ಟು ಗುಣಶಾಲಿಯಾದ ಕೋಶಕ್ಕೆ ಎರಡು ಕೊರತೆಗಳುಂಟು. ಮೊದಲನೆಯದಾಗಿ, ಅದು ಒಂದೇ ಸಮನೆ ದುಡಿಯಲು ಬಯಸುವ ಯಂತ್ರ. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಎಂದು ಅದನ್ನು ಕಾಡಿದರೆ ಅನಿಲದ ಪೂರೈಕೆ ಆ ವೇಗಕ್ಕೆ ಹೊಂದಿಕೊಳ್ಳಲಾರದೆ ಕೋಶವು ಬೇಗ ಸವೆಯುವುದು. ಎರಡನೆಯದು ನಮ್ಮ ವಿಷಯಕ್ಕೆ ಇನ್ನೂ ಮುಖ್ಯವಾದದ್ದು: ಕೋಶವು ಕೊಡಬಲ್ಲುದೇ ಹೊರತು ಹಿಂದಕ್ಕೆ ತೆಗೆದುಕೊಳ್ಳಲಾರದು. ವಾಹನವನ್ನು ನಿಲ್ಲಿಸುವಾಗಲೂ ಇಳಿಜಾರಿನಲ್ಲಿ ತಡೆಯುವಾಗಲೂ ಮೋಟಾರನ್ನೇ ಜನಕಯಂತ್ರವಾಗಿ ತಿರುಗಿಸಿ ವಿದ್ಯುತ್ತನ್ನು ಮರಳಿ ಪಡೆಯಬಹುದಷ್ಟೆ. ಆ ವಿದ್ಯುತ್ತನ್ನು ಕೋಶಕ್ಕೆ ತಳ್ಳಿ ಪುನಃ ಜಲಜನಕವನ್ನಾಗಿ ಮಾಡುವುದು ವಾಹನದಲ್ಲಿ ಸಾಧ್ಯವಿಲ್ಲ. ಆದುದರಿಂದ ಕೋಶದ ಜೊತೆಗೆ ಒಂದು ಉಗ್ರಾಣವನ್ನಿಟ್ಟು ಎರಡನ್ನೂ ಕೂಡಿಸಿದ ಮಿಶ್ರ ವಾಹನವನ್ನು ನಿರ್ಮಿಸುತ್ತಾರೆ.

ಹೊಸಪೇಟೆಯ ವಾಚಕರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ತುಂಗಭದ್ರೆಯಲ್ಲಿ ಮಳೆಗಾಲದ ನೀರು ತನಗೆ ತೋಚಿದಂತೆ ಬರುತ್ತದೆ. ಕಾಲುವೆಯ ಗದ್ದೆಗಳು ತಮಗೆ ಬೇಕಾದಾಗ ಕೇಳುತ್ತವೆ. ಇವೆರಡರ ನಡುವೆ ಜಲಾಶಯವು ನಿಂತು, ಬಂದುದನ್ನು ಹಿಡಿದು, ಬೇಕಾದಾಗ ಬಿಡುತ್ತದೆ. ಮಿಶ್ರ ವಾಹನದ ಉಗ್ರಾಣಕ್ಕೂ ಇದೇ ಉದ್ಯೋಗ. ಜಲಾಶಯವು ಎಷ್ಟು ದೊಡ್ಡದಿರಬೇಕೆಂಬುದನ್ನು ನದಿಯನ್ನೂ ಅಚ್ಚುಕಟ್ಟನ್ನೂ ನೋಡಿ ನಿರ್ಣಯಿಸುವಂತೆ, ಉಗ್ರಾಣವು ಎಷ್ಟು ದೊಡ್ಡದಿರಬೇಕೆಂಬುದನ್ನು ರಸ್ತೆಯನ್ನು ನೋಡಿ ನಿರ್ಣಯಿಸಬೇಕು.

ಉಗ್ರಾಣಗಳಲ್ಲಿ ಎರಡು ಜಾತಿ. ಒಂದು ನಮಗೆಲ್ಲ ತಿಳಿದ ಬ್ಯಾಟರಿ. ಇನ್ನೊಂದು ಮಹಾಧಾರಕ, ಇದರಲ್ಲಿ ರಾಸಾಯನಿಕ ಕ್ರಿಯೆಯಿಲ್ಲದೆ ವಿದ್ಯುದಾವೇಶವನ್ನೇ ಶೇಖರಿಸುತ್ತಾರೆ. ಧಾರಕವು ಕ್ಷಣಮಾತ್ರದಲ್ಲಿ ತುಂಬಿ ಕ್ಷಣಮಾತ್ರದಲ್ಲಿ ಬರಿದಾಗಬಲ್ಲುದು. ಲಕ್ಷಾಂತರ ಬಾರಿ ಹೀಗೆ ಮಾಡಿದರೂ ದಣಿಯದು. ಆದರೆ ಅದರ ಹೊಟ್ಟೆ ಚಿಕ್ಕದು. ನಮ್ಮ ಮನೆಯ ಮೀಟರು ಲೆಕ್ಕ ಹಾಕುವ ಒಂದು ಯೂನಿಟ್ಟು ವಿದ್ಯುತ್ತನ್ನು ಹಿಡಿಯಲು ಸುಮಾರು 200 ಕಿಲೋಗ್ರಾಂ ತೂಕದ ಧಾರಕಗಳು ಬೇಕಾಗುವುವು. ಲಿಥಿಯಂ ಬ್ಯಾಟರಿಯಾದರೆ ಸುಮಾರು 7 ಕಿಲೋಗ್ರಾಂ ಸಾಕು. ಹೋಂಡಾ ಕಂಪನಿಯವರು 2002ರ ತಮ್ಮ ಕೋಶದ ಕಾರಿನಲ್ಲಿ ಧಾರಕವನ್ನು ಬಳಸಿದರು. 2008ರ ಕಾರಿಗೆ ಲಿಥಿಯಂ ಬ್ಯಾಟರಿಯನ್ನು ಆರಿಸಿಕೊಂಡರು. 2020ರಲ್ಲಿ ಹೊರಬಂದ ಟೊಯೊಟಾ ಮಿರಾಯ್ ಕಾರಿನಲ್ಲಿ 128 ಕಿಲೋವಾಟಿನ ಕೋಶವಿದೆ, ಬ್ಯಾಟರಿಯಲ್ಲಿ ಹಿಡಿಯುವುದು ಮಾತ್ರ 1.24 ಯೂನಿಟ್ಟು. ನಯವಾದ ಹೆದ್ದಾರಿಯಲ್ಲಿ ಓಡುವ ಕಾರಿಗೆ ಅಷ್ಟು ಸಾಕು.

ಈಗ ನಮ್ಮ ಸುತ್ತಣ ರಸ್ತೆಗಳನ್ನು ನೋಡೋಣ. ಹಂಪೆಯಲ್ಲಿ ಗೆಜ್ಜಲ ಮಂಟಪದ ಬಳಿಯಿಂದ ವಿಜಯವಿಠಲ ದೇವಾಲಯದವರೆಗೆ ಯಾತ್ರಿಕರನ್ನು ಬ್ಯಾಟರಿಯ ಗಾಡಿಗಳು ಕರೆದೊಯ್ಯುತ್ತವೆ. ಸುಮಾರು ಒಂದು ಕಿಲೋಮೀಟರಿನ ಹಾದಿ. ಅಲ್ಲಿಗೆ ಬ್ಯಾಟರಿಯೊಂದೇ ಸಾಕು, ಜಲಜನಕದ ಮಾತೇ ಬೇಡ. ಕಂಪ್ಲಿಯಿಂದ ಹೊಸಪೇಟೆಗೆ ಬರುವ ಹಾದಿಯಾದರೋ ಗದ್ದೆ ತೋಟಗಳ ನಡುವಣ ಸಮತಟ್ಟಾದ ನೆಲ. 12 ಟನ್ನು ತೂಕದ ಬಸ್ಸೊಂದು ಗಂಟೆಗೆ 50 ಕಿಲೋಮೀಟರು ವೇಗದಲ್ಲಿ ಹೋಗುತ್ತಿದ್ದು ನಿಂತರೆ, ಅದರ ಚಲನಶಕ್ತಿಯಲ್ಲಿ ಮರಳಿ ಸಿಗಬಹುದಾದದ್ದು ಹೆಚ್ಚೆಂದರೆ ಯೂನಿಟ್ಟಿನ ಮೂರನೆಯ ಒಂದು ಪಾಲು. ಅಲ್ಲಿ ಚಿಕ್ಕ ಉಗ್ರಾಣವಿದ್ದರೂ ನಡೆಯುವುದು, ಧಾರಕವೂ ಆದೀತು.

ಅದೇ 12 ಟನ್ನನ್ನು 300 ಮೀಟರು ಎತ್ತರದಿಂದ ಇಳಿಸಿದರೆ ಹೊರಬೀಳುವ ಶಕ್ತಿ ಸುಮಾರು 9.8 ಯೂನಿಟ್ಟು, ಎಂದರೆ ಮೂವತ್ತು ಪಾಲು ಅಧಿಕ. ವೇಗಕ್ಕಿಂತ ಎತ್ತರವು ಎಷ್ಟು ದೊಡ್ಡ ಶ್ರೀಮಂತನೆಂಬುದು ಇದರಿಂದ ವೇದ್ಯವಾಗುವುದು.

ಸಂಡೂರಿನ ಲೆಕ್ಕವನ್ನು ಕಾಗದದ ಮೇಲೆ ಹಾಕಿಯೇ ಬಿಡೋಣ. ಬರಿದಾದಾಗ 12 ಟನ್ನು, ಅದಿರು ತುಂಬಿದಾಗ 30 ಟನ್ನು ತೂಗುವ ಒಂದು ವಿದ್ಯುತ್ ಲಾರಿಯಿದೆಯೆನ್ನೋಣ. ಗಣಿಯಿಂದ ಬುಡಕ್ಕೆ 6 ಕಿಲೋಮೀಟರು ಹಾದಿ, 300 ಮೀಟರು ಇಳಿತ. ತುಂಬಿದ ಲಾರಿ ಇಳಿಯುವಾಗ ಹೊರಬೀಳುವ ಶಕ್ತಿ 24.5 ಯೂನಿಟ್ಟು. ಗಾಲಿಗಳ ಉರುಳಾಟಕ್ಕೆ ಸುಮಾರು 5 ಯೂನಿಟ್ಟು ಹೋದೀತು. ಉಳಿದುದರಲ್ಲಿ ಐದನೆಯ ಒಂದು ಪಾಲು ಯಂತ್ರಗಳಲ್ಲಿ ನಷ್ಟವಾದರೂ ಸುಮಾರು 15.7 ಯೂನಿಟ್ಟು ಬ್ಯಾಟರಿಯನ್ನು ಸೇರುವುದು. ಬರಿದಾದ ಲಾರಿ ಮರಳಿ ಮೇಲೇರಲು, ನಷ್ಟವೆಲ್ಲ ಸೇರಿ, ಸುಮಾರು 14 ಯೂನಿಟ್ಟು ಬೇಕು. ಇಳಿದು ಗಳಿಸಿದ್ದು ಏರುವ ಖರ್ಚಿಗೆ ಸಾಕಾಗುವುದಾಯಿತು! ಈ ಹಾದಿಯಲ್ಲಿ ಇಂಧನವೇ ಅದಿರಿನ ಭಾರ.

ಇದು ಬರಿಯ ಪಾಠದ ಲೆಕ್ಕವೆಂದು ಯಾರೂ ತಿಳಿಯಬಾರದು. ಸ್ವಿಟ್ಜರ್ಲೆಂಡಿನ ಬೀಲ್ ಪಟ್ಟಣದ ಸಮೀಪದ ಒಂದು ಸುಣ್ಣಕಲ್ಲಿನ ಗಣಿಯಲ್ಲಿ 2018ರ ಸುಮಾರಿಗೆ 65 ಟನ್ನು ಕಲ್ಲನ್ನು ಹೊರುವ ಬ್ಯಾಟರಿ ಲಾರಿಯನ್ನು ಬಳಕೆಗೆ ತಂದರು. ಅಲ್ಲಿಯೂ ಭರ್ತಿಯಾಗಿ ಇಳಿಯುವುದು, ಬರಿದಾಗಿ ಏರುವುದು. 600 ಯೂನಿಟ್ಟಿನ ಅದರ ಬ್ಯಾಟರಿಯು ತನ್ನ ಖರ್ಚಿನ ಬಹುಪಾಲನ್ನು ಇಳಿಜಾರಿನಿಂದಲೇ ಗಳಿಸಿಕೊಳ್ಳುತ್ತದೆ. ಇದಕ್ಕೆ ವಿರುದ್ಧವಾದ ನಿದರ್ಶನವು ದಕ್ಷಿಣ ಆಫ್ರಿಕದ ಮೊಗಲಕ್ವೆನ ಪ್ಲಾಟಿನಂ ಗಣಿಯದು. 2022ರ ಮೇ ತಿಂಗಳಲ್ಲಿ ಅಲ್ಲಿ 290 ಟನ್ನು ಹೊರುವ ಮಿಶ್ರ ಲಾರಿಯೊಂದನ್ನು ಪ್ರದರ್ಶಿಸಿದರು: 800 ಕಿಲೋವಾಟಿನ ಇಂಧನಕೋಶಗಳು, ಜೊತೆಗೆ ಸುಮಾರು 1,200 ಯೂನಿಟ್ಟಿನ ಬ್ಯಾಟರಿ. ಆ ಗಣಿ ನೆಲದಲ್ಲಿ ತೋಡಿದ ಹಳ್ಳ. ಅಲ್ಲಿ ಲಾರಿ ಭರ್ತಿಯಾಗಿ ಏರಬೇಕು, ಬರಿದಾಗಿ ಇಳಿಯಬೇಕು. ಏರುವ ಖರ್ಚನ್ನು ಇಳಿತವು ತುಂಬಲಾರದಾದ್ದರಿಂದ ಕೋಶವನ್ನು ಕೂಡಿಸಿದ್ದು ನ್ಯಾಯವೇ ಸರಿ. ಆ ಲಾರಿಯನ್ನು ನೋಡಿ ಬಂದವರು ಅದರ ನಕಲನ್ನು ಸಂಡೂರಿಗೆ ತಂದರೆ ತಲೆಕೆಳಗಾದ ರಸ್ತೆಯ ಲಾರಿಯನ್ನು ತಂದಂತಾಗುವುದು. ಇನ್ನು ಕಾರಿನ ಮಾದರಿಯಲ್ಲಿ ಒಂದೂಕಾಲು ಯೂನಿಟ್ಟಿನ ಬ್ಯಾಟರಿಯಿಟ್ಟ ಲಾರಿಯನ್ನು ತಂದರಂತೂ ಮೊದಲ ತಿರುವಿನಲ್ಲಿಯೇ ಉಗ್ರಾಣವು ತುಂಬಿ, ಉಳಿದ ಹಾದಿಯುದ್ದಕ್ಕೂ ಅದೇ ಹಳೆಯ ವಾಸನೆ ಏಳುವುದು.

ಜಲಜನಕವನ್ನು ಮಿತವಾಗಿ ಬಳಸಬೇಕೆನ್ನಲು ಮತ್ತೊಂದು ಕಾರಣವಿದೆ. ನೀರನ್ನು ವಿದ್ಯುತ್ತಿನಿಂದ ಒಡೆದು ಒಂದು ಕಿಲೋಗ್ರಾಂ ಜಲಜನಕವನ್ನು ಪಡೆಯಲು 50ರಿಂದ 55 ಯೂನಿಟ್ಟು ಬೇಕು. ವಾಹನದ ಕೋಶದಿಂದ ಮರಳಿ ಸಿಗುವುದು 16 ಅಥವಾ 17 ಯೂನಿಟ್ಟು, ಎಂದರೆ ಮೂರರಲ್ಲಿ ಒಂದು ಪಾಲು. ಬ್ಯಾಟರಿಗೆ ತುಂಬಿದ ವಿದ್ಯುತ್ತಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಮಿಕ್ಕಿ ವಾಪಸು ಬರುವುದು. ನಮ್ಮ ನೆರೆಯ ತೋರಣಗಲ್ಲಿನಲ್ಲಿಯೇ ಉಕ್ಕಿನ ಕಾರ್ಖಾನೆಗಾಗಿ ವರ್ಷಕ್ಕೆ 3,800 ಟನ್ನು ಹಸಿರು ಜಲಜನಕವನ್ನು ತಯಾರಿಸುವ ಘಟಕವು 2025ರಲ್ಲಿ ಪ್ರಾರಂಭವಾಯಿತು. ಅದಿರಿನಿಂದ ಆಮ್ಲಜನಕವನ್ನು ತೆಗೆಯುವ ಕೆಲಸವನ್ನು ಕಲ್ಲಿದ್ದಲು ಮಾಡಿದರೆ ಇಂಗಾಲಾಮ್ಲವು ಹೊರಡುವುದು. ಜಲಜನಕವು ಮಾಡಿದರೆ ನೀರಿನ ಆವಿ. ಆ ಕೆಲಸವನ್ನು ಬ್ಯಾಟರಿ ಮಾಡಲಾರದು. ಬ್ಯಾಟರಿ ಮಾಡಲಾರದ ಕಡೆಗೆ ಜಲಜನಕವನ್ನು ಕಳಿಸುವುದು ಮನೆಯನ್ನು ನಿಗಾ ಇಟ್ಟು ನಡೆಸುವ ಯಾವ ಗೃಹಿಣಿಗಾದರೂ ಸಹಜವಾಗಿ ಹೊಳೆಯುವ ಯುಕ್ತಿ.

ಹಾಗೆಂದು ಬ್ಯಾಟರಿಯನ್ನು ಸರ್ವರೋಗ ಪರಿಹಾರವೆಂದು ಹೊಗಳಲಾರೆ. ತುಂಗಭದ್ರಾ ಜಲಾಶಯದ ಸಾಮರ್ಥ್ಯವು ಆರಂಭದಲ್ಲಿ ಸುಮಾರು 133 ಟಿ.ಎಂ.ಸಿ. ಇದ್ದುದು ಹೂಳು ತುಂಬಿ 105.788ಕ್ಕೆ ಇಳಿದಂತೆ, ಬ್ಯಾಟರಿಯ ಹೊಟ್ಟೆಯೂ ವರ್ಷದಿಂದ ವರ್ಷಕ್ಕೆ ಕುಗ್ಗುವುದು. ನಮ್ಮ ಬೇಸಗೆಯ ಬಿಸಿಲು ಅದನ್ನು ಇನ್ನಷ್ಟು ತ್ವರೆಗೊಳಿಸುವುದು. ಆದುದರಿಂದ 16 ಯೂನಿಟ್ಟು ಹಿಡಿಯಬೇಕಾದ ಕಡೆ ಅದರ ಮೂರು ನಾಲ್ಕು ಪಟ್ಟು ದೊಡ್ಡ ಬ್ಯಾಟರಿಯನ್ನಿಡುವುದು ಜಾಣತನ. ಬೆಟ್ಟದ ನೆತ್ತಿಯಲ್ಲಿ ಅದು ಭರ್ತಿಯಾಗಿರಲೂ ಕೂಡದು. ಮಳೆಗಾಲಕ್ಕೆ ಮುನ್ನ ಜಲಾಶಯದಲ್ಲಿ ಜಾಗವಿರುವಂತೆ ಅಲ್ಲಿಯೂ ಜಾಗವಿರಬೇಕು. ಹೊಸಪೇಟೆಯನ್ನು ಹಾದುಹೋಗುವ ಹೆದ್ದಾರಿಗಳಲ್ಲಿ ನೂರಾರು ಕಿಲೋಮೀಟರು ಓಡುವ ಸರಕಿನ ಲಾರಿಗಳ ವಿಷಯವೂ ಬೇರೆ. ಅವುಗಳಿಗೆ ಬ್ಯಾಟರಿಯೇ ಭಾರವಾಗಿ, ಹೊರಬೇಕಾದ ಸರಕನ್ನು ತಿಂದುಹಾಕುವುದು. ಬೇಗ ತುಂಬಿಸಬಹುದಾದ ಜಲಜನಕವೂ ಒಂದು ಹದವಾದ ಬ್ಯಾಟರಿಯೂ ಸೇರಿದ ಮಿಶ್ರ ವಾಹನಕ್ಕೆ ನ್ಯಾಯವಾದ ಸ್ಥಾನವಿದ್ದರೆ ಅದು ಅಲ್ಲಿಯೇ.

ಲಾರಿಯೆಂದರೆ ನಮ್ಮ ಸೀಮೆಯಲ್ಲಿ ಯಂತ್ರ ಮಾತ್ರವಲ್ಲ, ಒಂದು ಸಂಸಾರದ ಸಾಲ. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಸಾಲ ಮಾಡಿ ಕೊಂಡ ಲಾರಿಗಳು ಮನೆಗಳ ಮುಂದೆ ನಿಂತುದನ್ನು ನಮ್ಮ ಜನ ಮರೆತಿಲ್ಲ. ಕಾನೂನಿನ ಆ ಕ್ರಮ ಬೇಕಾಗಿಯೇ ಇತ್ತು. ಆದರೂ ಅದರ ಪೆಟ್ಟು ಬಿದ್ದವರಲ್ಲಿ ಒಂದೆರಡು ಲಾರಿಗಳ ಯಜಮಾನರೂ ಇದ್ದರು. ನಾಳೆ ಹಸಿರು ವಾಹನದ ಹೆಸರಿನಲ್ಲಿ ರಸ್ತೆಗೆ ಹೊಂದದ ದುಬಾರಿ ಲಾರಿಯನ್ನು ಅಂಥವರ ತಲೆಗೆ ಕಟ್ಟಿದರೆ ಎರಡನೆಯ ಬಾರಿ ಅವರು ಚೇತರಿಸಿಕೊಳ್ಳುವುದು ದುಸ್ತರ.

ಆದಕಾರಣ ಸರ್ಕಾರವನ್ನೂ ಗಣಿಯ ಒಡೆಯರನ್ನೂ ನಾವು ಕೇಳಬೇಕಾದದ್ದು ಇಷ್ಟು. ಜಲಜನಕದ ಪ್ರಯೋಗವನ್ನು ಇಲ್ಲಿಗೂ ತರಲಿ. ತರುವ ಮುನ್ನ ಪ್ರತಿಯೊಂದು ಅದಿರಿನ ಹಾದಿಯ ಏರಿಳಿತವನ್ನೂ ಹೊರೆಯನ್ನೂ ಅಳೆದು, ಉಗ್ರಾಣದ ಗಾತ್ರವನ್ನು ಅದರ ಮೇಲೆ ಗೊತ್ತುಮಾಡಲಿ. ಒಂದೇ ಇಳಿಜಾರಿನಲ್ಲಿ ಬ್ಯಾಟರಿಯ ಲಾರಿಯನ್ನೂ ಮಿಶ್ರ ಲಾರಿಯನ್ನೂ ಜೊತೆಜೊತೆಯಾಗಿ ಓಡಿಸಿ, ಏರುವಾಗ ಎಷ್ಟು ಖರ್ಚಾಯಿತು, ಇಳಿಯುವಾಗ ಎಷ್ಟು ಮರಳಿ ಬಂತು ಎಂಬುದನ್ನು ಸಾರ್ವಜನಿಕರಿಗೆ ತಿಳಿಸಲಿ. ಈ ಅಳತೆಗೆ ಭಾರಿ ಉಪಕರಣಗಳೇನೂ ಬೇಡ. ನಮ್ಮ ಕಾಲೇಜುಗಳ ಬಿ.ಎಸ್‌ಸಿ. ವಿದ್ಯಾರ್ಥಿಗಳು ಒಂದು ಮೀಟರನ್ನೂ ಒಂದು ಪುಸ್ತಕವನ್ನೂ ಹಿಡಿದು ಲಾರಿಯಲ್ಲಿ ಕುಳಿತರೆ ಸಾಕು. ಮುಂದಿನ ವರ್ಷ ಅವರಿಗೆ ನಾನು ಪ್ರಚ್ಛನ್ನಶಕ್ತಿಯ ಪಾಠವನ್ನು ಹೇಳುವಾಗ, ಬ್ರೇಕಿನ ವಾಸನೆಯ ಬದಲು ಅವರೇ ಬರೆದು ತಂದ ಆ ಪುಸ್ತಕವನ್ನು ತೆರೆದು ತೋರಿಸುವಂತಾಗಲಿ ಎಂಬುದು ನನ್ನ ಆಸೆ.