ಸೇರಿಸುವುದು ಸಲೀಸು, ಕಳಚುವುದು ತ್ರಾಸು

ರೈಲು ಟಿಕೆಟ್ಟು, ಕರೆಂಟ್ ಬಿಲ್ಲು, ಪರೀಕ್ಷೆಯ ಅಂಕಗಳೆಲ್ಲ ಯಾವುದೋ ಒಂದು ಡೇಟಾಬೇಸ್ ಸರ್ವರಿನ ಹೊಟ್ಟೆಯಲ್ಲಿರುತ್ತವೆ. ಹಗಲಿರುಳು ಓಡುವ ಈ ಪ್ರೋಗ್ರಾಮಿಗೆ ಹೊಸ ವಿದ್ಯೆ ಕಲಿಸಬೇಕೆಂದರೆ, ಉದಾಹರಣೆಗೆ ಸುಲಭವಾಗಿ ಊಹಿಸಬಹುದಾದ ಪಾಸ್‌ವರ್ಡನ್ನು ತಿರಸ್ಕರಿಸುವುದನ್ನು, ಇಡೀ ಪ್ರೋಗ್ರಾಮನ್ನು ಬದಲಿಸಬೇಕಿಲ್ಲ. ಪ್ಲಗಿನ್ ಎಂಬ ಪುಟ್ಟ ಫೈಲನ್ನು ಸೇರಿಸಿದರಾಯಿತು. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಸರ್ವರಿನಲ್ಲಿ ಈ ಅನುಕೂಲ 2008ರಲ್ಲಿ ಹೊರಬಂದ 5.1 ಆವೃತ್ತಿಯಿಂದಲೂ ಇದೆ. ‘ಇನ್‌ಸ್ಟಾಲ್ ಪ್ಲಗಿನ್’ ಎಂಬ ಒಂದು ಸಾಲಿನ ಆದೇಶ ಕೊಟ್ಟರೆ, ಸರ್ವರ್ ಓಡುತ್ತಿರುವಾಗಲೇ ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಹೆಸರನ್ನೂ ದಾಖಲಿಸಿಕೊಂಡು, ಮುಂದಿನ ಸಲ ಶುರುವಾದಾಗ ತಾನಾಗಿಯೇ ಕರೆತರುತ್ತದೆ.

ಹೀಗೆ ಒಳಬಂದ ಪ್ಲಗಿನ್ ಸರ್ವರಿನ ಮೆಮೊರಿಯನ್ನೇ ಹಂಚಿಕೊಂಡು ಓಡುತ್ತದೆ. ಅದು ಕುಸಿದರೆ ಸರ್ವರ್ ಕೂಡ ಕುಸಿಯಬಹುದು. ಅದರಲ್ಲಿ ದುರುದ್ದೇಶದ ಕೋಡ್ ಇದ್ದರೆ ಎಲ್ಲ ದತ್ತಾಂಶವೂ ಅದರ ಕೈಗೆಟುಕುತ್ತದೆ. ಆದ್ದರಿಂದಲೇ ಮೈಎಸ್‌ಕ್ಯೂಎಲ್ ಗೊತ್ತುಪಡಿಸಿದ ಒಂದು ಫೋಲ್ಡರಿನಿಂದ ಮಾತ್ರ ಪ್ಲಗಿನ್ ತರುತ್ತದೆ. ಆ ಫೋಲ್ಡರಿಗೆ ಬರೆಯುವ ಹಕ್ಕು ಸ್ವತಃ ಸರ್ವರ್‌ಗೂ ಇರದಂತೆ ನೋಡಿಕೊಳ್ಳುವುದು ಜಾಣತನ.

ನಿಜವಾದ ತೊಡಕು ಇರುವುದು ಕಳಚುವಲ್ಲಿ. ತೆಗೆಯಲು ಹೊರಟ ಪ್ಲಗಿನ್ ದತ್ತಾಂಶವನ್ನು ಡಿಸ್ಕಿನಲ್ಲಿ ಇಡುವ ‘ಸ್ಟೋರೇಜ್ ಎಂಜಿನ್’ ಆಗಿದ್ದು, ಅದರ ಟೇಬಲ್ (ದತ್ತಾಂಶದ ಕೋಷ್ಟಕ) ಒಂದನ್ನು ಆ ಗಳಿಗೆಯಲ್ಲೇ ಯಾರೋ ತೆರೆದಿದ್ದಾರೆ ಎನ್ನಿ. ಆಗ ಅದನ್ನು ಕಿತ್ತರೆ ಅವರ ಕೆಲಸ ನಡುನೀರಿನಲ್ಲಿ ನಿಲ್ಲುತ್ತದೆ. ಹಾಗಾಗಿ ಸರ್ವರ್ ‘ಅಳಿಸಬೇಕಾದದ್ದು’ ಎಂದು ಗುರುತು ಹಾಕಿ, ಬಳಸುವವರೆಲ್ಲ ಮುಗಿಸುವವರೆಗೆ ಕಾಯುತ್ತದೆ. ಕಳಚಿದ ಮೇಲೂ ಆ ಟೇಬಲ್‌ಗಳ ಫೈಲುಗಳು ಡಿಸ್ಕಿನಲ್ಲೇ ಉಳಿಯುತ್ತವೆ. ಓದಲು ಮಾತ್ರ ಆಗದು!

ಕೆಲವನ್ನು ಕಳಚಲು ಬಿಡಲೇಬಾರದು. ಯಾರು ಏನು ಮಾಡಿದರೆಂದು ಬರೆದಿಡುವ ಆಡಿಟ್ ಪ್ಲಗಿನ್ ಅಂಥದ್ದು. ಕಳ್ಳ ಮೊದಲು ಆರಿಸುವುದು ಅದನ್ನೇ ತಾನೆ? ಓಡುವಾಗ ಯಾರೂ ತೆಗೆಯದಂತೆ ಬಿಗಿಯುವ ಸೆಟ್ಟಿಂಗ್ ಮೈಎಸ್‌ಕ್ಯೂಎಲ್‌ನಲ್ಲಿದೆ.

ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್ ಸರ್ವರ್ ಕಳಚುವ ವಿಷಯದಲ್ಲಿ ಇನ್ನೂ ಖಡಾಖಂಡಿತ. ನಕ್ಷೆಗಳ ಲೆಕ್ಕ ಮಾಡುವ ಪೋಸ್ಟ್‌ಜಿಐಎಸ್‌ನಂಥ ಎಕ್ಸ್‌ಟೆನ್ಶನ್ (ಪ್ಲಗಿನ್‌ನಂಥದ್ದೇ) ತೆಗೆಯಲು ಹೋದರೆ, ಅದನ್ನು ನೆಚ್ಚಿದ ಟೇಬಲ್‌ಗಳಿದ್ದಲ್ಲಿ ನಿರಾಕರಿಸುತ್ತದೆ. ‘ಕ್ಯಾಸ್ಕೇಡ್’ ಎಂದು ಒತ್ತಾಯಿಸಿದರೆ ಅದನ್ನು ನೆಚ್ಚಿದ ಕಾಲಂಗಳೂ ಹೋಗುತ್ತವೆ, ಒಳಗಿನ ದತ್ತಾಂಶದ ಸಮೇತ. ಒಮ್ಮೆ ಮೆಮೊರಿಗೆ ಬಂದ ಎಕ್ಸ್‌ಟೆನ್ಶನ್ನಿನ ಕೋಡ್ ಫೈಲನ್ನು, ಅಂದರೆ ಲೈಬ್ರರಿಯನ್ನು, ನಡುವೆ ಇಳಿಸುವ ಆದೇಶವೇ ಅಲ್ಲಿಲ್ಲ.

ಆದ್ದರಿಂದ ಹೊಸ ಪ್ಲಗಿನ್ ಸೇರಿಸುವ ಮುನ್ನವೇ ಅದನ್ನು ಪರೀಕ್ಷಾ ಸರ್ವರಿನಲ್ಲಿ ಒಮ್ಮೆ ಹಾಕಿ, ಒಮ್ಮೆ ತೆಗೆದು ನೋಡಿ. ತೆಗೆಯುವ ಮೊದಲು ಬ್ಯಾಕಪ್ ಇರಲಿ.