ಯಾವ ಗುಲಾಬಿ? ಗೋಡೆಯನ್ನೇ ಕೇಳಿ

ಮನೆಯಲ್ಲಿ ಮದುವೆ ನಿಶ್ಚಯವಾದರೆ, ಅಥವಾ ಹಬ್ಬ ಹತ್ತಿರ ಬಂತೆಂದರೆ ಪೈಂಟರ್‌ಗೆ ಕರೆ ಹೋಗುತ್ತದೆ. ಹಾಲ್‌ಗೆ ಕೆನೆಬಣ್ಣ, ಮಗಳ ಕೋಣೆಗೆ ಗುಲಾಬಿ ಎಂದು ಐದು ನಿಮಿಷದಲ್ಲಿ ತೀರ್ಮಾನವೂ ಆಗಿಬಿಡುತ್ತದೆ. ಕಷ್ಟ ಶುರುವಾಗುವುದು ಅಂಗಡಿಯವರು ಶೇಡ್ ಕಾರ್ಡ್ ಬಿಡಿಸಿದಾಗ. ಒಂದೇ ಪುಟದಲ್ಲಿ ಏಳೆಂಟು ಗುಲಾಬಿ! ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸ. "ಯಾವುದಾದರೇನು, ಎಲ್ಲ ಒಂದೇ, ಬೇಗ ಹೇಳಿ" ಎಂದು ಪೈಂಟರ್ ಅವಸರ ಮಾಡುತ್ತಾರೆ.

ಸಹೋದರಿಯರೇ, ಈ ಅವಸರಕ್ಕೆ ಮಣಿಯಬೇಡಿ. ಒಮ್ಮೆ ಬಳಿದ ಬಣ್ಣದೊಡನೆ ನಾಲ್ಕೈದು ವರ್ಷ ಬಾಳಬೇಕು. ಇಷ್ಟವಾಗಲಿಲ್ಲವೆಂದು ಮರುತಿಂಗಳೇ ಮತ್ತೆ ಬಳಿಸುವುದು ನಮ್ಮ ನಿಮ್ಮ ಮನೆಗಳಲ್ಲಿ ಆಗುವ ಮಾತಲ್ಲ. ಯಂತ್ರದಲ್ಲಿ ಬೆರೆಸಿಕೊಟ್ಟ ಬಣ್ಣವನ್ನು ಅಂಗಡಿಯವರು ಸಾಮಾನ್ಯವಾಗಿ ವಾಪಸ್ ಪಡೆಯುವುದೂ ಇಲ್ಲ.

ಕಾರ್ಡ್ ಹೇಳದ ಮಾತು

ಬಿಳಿಯಲ್ಲಿ ಕೆಂಪು ಬೆರೆತರೆ ಗುಲಾಬಿ. ಅದಕ್ಕೆ ತುಸು ಹಳದಿ ಸೇರಿದರೆ ಪೀಚ್ ಹಣ್ಣಿನ ಕಡೆಗೆ ವಾಲುತ್ತದೆ. ತುಸು ನೀಲಿ ಸೇರಿದರೆ ನೇರಳೆಯ ಕಡೆಗೆ, ತುಸು ಕಪ್ಪು ಸೇರಿದರೆ ಮಂಕು ಗುಲಾಬಿ. ಅಂಚೆಚೀಟಿಯಷ್ಟು ಚಿಕ್ಕ ಚೌಕದಲ್ಲಿ ಈ ಒಳಬಣ್ಣ ಕಾಣಿಸುವುದಿಲ್ಲ. ಅದನ್ನು ಬಿಳಿ ಹಾಳೆಯ ಮೇಲಿಟ್ಟು ನೋಡಿ. ಯಾವುದು ಹಳದಿ, ಯಾವುದು ನೀಲಿ ಎಂದು ತಕ್ಷಣ ತಿಳಿಯುತ್ತದೆ.

ಇನ್ನೊಂದು ಮಾತು. ಕಾರ್ಡಿನಲ್ಲಿ ತಿಳಿಯಾಗಿ ಕಂಡ ಬಣ್ಣ ಕೋಣೆಯಲ್ಲಿ ಗಾಢವಾಗುತ್ತದೆ. ನಾಲ್ಕು ಗೋಡೆಗಳೂ ಒಂದರ ಬಣ್ಣವನ್ನು ಇನ್ನೊಂದರ ಮೇಲೆ ಚೆಲ್ಲುವುದೇ ಇದಕ್ಕೆ ಕಾರಣ. ಎಮಲ್ಷನ್ ಒಣಗಿದಾಗ ಹಸಿಯಿದ್ದಾಗಿನದಕ್ಕಿಂತ ತುಸು ಗಾಢವಾಗುವುದೂ ಉಂಟು. ಆದ್ದರಿಂದ ಎರಡು ಗುಲಾಬಿಗಳ ನಡುವೆ ಮನಸ್ಸು ತೂಗುಯ್ಯಾಲೆಯಾದರೆ ತಿಳಿಯಾದುದರ ಕಡೆಗೇ ವಾಲಿ.

ನಿಮ್ಮ ಕೋಣೆಯ ಬೆಳಕು

ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಅವಳಿಗಳಂತೆ ಕಂಡ ಎರಡು ಬಣ್ಣಗಳು ಮನೆಯಲ್ಲಿ ಬೇರೆಯಾಗಿ ಕಾಣಬಹುದು. ಅವುಗಳಲ್ಲಿ ಬೆರೆತಿರುವ ವರ್ಣದ್ರವ್ಯಗಳು ಬೇರೆ ಬೇರೆಯಾಗಿದ್ದರೆ ಬೆಳಕು ಬದಲಾದಂತೆ ಗುಟ್ಟು ಹೊರಬೀಳುತ್ತದೆ. ಪಶ್ಚಿಮದ ಕಿಟಕಿಯಿಂದ ಸಂಜೆ ಬರುವ ಬಿಸಿಲು ಪೀಚ್ ಕಡೆಗಿನ ಗುಲಾಬಿಯನ್ನು ಕಿತ್ತಳೆಯಾಗಿಸುತ್ತದೆ. ಬಿಸಿಲು ನೇರ ಬೀಳದ ಕೋಣೆಯಲ್ಲಿ ನೀಲಿ ಬೆರೆತ ಗುಲಾಬಿ ತಣ್ಣಗೆ, ಮಂಕಾಗಿ ಕಾಣುತ್ತದೆ. ಅಂಥಲ್ಲಿ ತುಸು ಹಳದಿ ಇರುವುದೇ ಒಳ್ಳೆಯದು.

ಕರಾವಳಿ, ಮಲೆನಾಡಿನ ಮನೆಗಳಲ್ಲಿ ಇನ್ನೂ ಒಂದು ಸಂಗತಿಯಿದೆ. ಕಿಟಕಿಯಾಚೆ ತೆಂಗು, ಅಡಿಕೆ, ಬಾಳೆ ಒತ್ತಾಗಿದ್ದರೆ ಒಳಗೆ ಬರುವ ಬೆಳಕಿಗೂ ಹಸಿರು ಅಂಟಿರುತ್ತದೆ. ಹಸಿರು ಬೆಳಕಿನಲ್ಲಿ ತೀರಾ ತಿಳಿಯಾದ ಗುಲಾಬಿ ಬೂದಿಯಂತಾಗುತ್ತದೆ. ನೆಲ ಹಳೆಯ ಕಾವಿಯದಾದರೆ ಅದರ ಕೆಂಪು ಗೋಡೆಯ ಕೆಳಭಾಗಕ್ಕೆ ಹಬ್ಬುತ್ತದೆ. ಒಂದೇ ಡಬ್ಬಿಯ ಬಣ್ಣ ಅಕ್ಕನ ಮನೆಯಲ್ಲಿ ಚೆನ್ನಾಗಿದ್ದು ನಿಮ್ಮ ಮನೆಯಲ್ಲಿ ಹಾಗಿಲ್ಲದಿದ್ದರೆ ಆಶ್ಚರ್ಯವೇನಿಲ್ಲ.

ರಾತ್ರಿಯ ದೀಪವನ್ನೂ ಮರೆಯದಿರಿ. ಎಲ್‌ಇಡಿ ಬಲ್ಬಿನ ಪೆಟ್ಟಿಗೆಯ ಮೇಲೆ 6500 ಕೆ ಎಂದಿದ್ದರೆ ನೀಲಿ ಕಡೆಗಿನ ಬಿಳಿ ಬೆಳಕು, 3000 ಕೆ ಎಂದಿದ್ದರೆ ಹಳದಿ ಬೆಳಕು. ಬಣ್ಣ ಸರಿಹೋಗಲಿಲ್ಲ ಎಂದುಕೊಂಡ ಎಷ್ಟೋ ಕೋಣೆಗಳು ಬಲ್ಬ್ ಬದಲಿಸಿದರೆ ಸರಿಹೋಗುತ್ತವೆ.

ಹೀಗೆ ಪರೀಕ್ಷಿಸಿ

ಎರಡು ಅಥವಾ ಮೂರು ಗುಲಾಬಿಗಳನ್ನು ಮಾತ್ರ ಆರಿಸಿ, ಸಿಗುವ ಅತಿ ಚಿಕ್ಕ ಡಬ್ಬಿ ತನ್ನಿ. ಎರಡಡಿ ಅಗಲದ ರಟ್ಟುಗಳಿಗೆ ಬಿಳಿ ಪ್ರೈಮರ್ ಕೊಟ್ಟು, ಸುತ್ತ ಬಿಳಿ ಅಂಚು ಬಿಟ್ಟು ಎರಡು ಕೋಟ್ ಬಳಿಯಿರಿ. ಹಿಂಬದಿಯಲ್ಲಿ ಬಣ್ಣದ ಸಂಖ್ಯೆ ಬರೆದಿಡಿ. ಒಂದು ದಿನ ಒಣಗಲಿ.

ಆಮೇಲೆ ಒಂದೊಂದನ್ನೇ ಗೋಡೆಗೆ ಒರಗಿಸಿ ನೋಡಿ. ಪಕ್ಕಪಕ್ಕದಲ್ಲಿಟ್ಟರೆ ವ್ಯತ್ಯಾಸ ಇದ್ದುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಬೆಳಿಗ್ಗೆ, ಮಧ್ಯಾಹ್ನ, ಮಗ್ರಿಬ್ ಕಳೆದು ದೀಪ ಹಾಕಿದ ಮೇಲೆ, ಹೀಗೆ ಮೂರು ಹೊತ್ತು ನೋಡಿ. ಕಿಟಕಿಯ ಪಕ್ಕದ ಗೋಡೆಗೂ ಎದುರಿನ ಗೋಡೆಗೂ ಸರಿಸಿ. ಪರದೆ, ಹಾಸಿಗೆ, ಕಪಾಟು ಬದಲಾಯಿಸುವ ಯೋಚನೆ ಇಲ್ಲದಿದ್ದರೆ ಅವುಗಳ ಜೊತೆಗೂ ಹೊಂದಿಸಿ. ಮಗಳು ಓದುವುದು ರಾತ್ರಿಯಾದರೆ ರಾತ್ರಿ ಚೆನ್ನಾಗಿ ಕಾಣುವುದಕ್ಕೇ ಹೆಚ್ಚು ಅಂಕ.

ಕಣ್ಣೂ ಒಂದೇ ಅಲ್ಲ

"ಎರಡೂ ಒಂದೇ ಅಲ್ಲವಾ?" ಎಂದು ಪತಿ ಹೇಳಿದರೆ ಇವರಿಗೆ ಮನೆಯ ಬಗ್ಗೆ ಕಾಳಜಿಯೇ ಇಲ್ಲ ಎಂದು ಮುನಿಸಿಕೊಳ್ಳಬೇಡಿ. ಕೆಂಪು ಹಸಿರುಗಳನ್ನು ಗುರುತಿಸುವಲ್ಲಿ ಹುಟ್ಟಿನಿಂದ ಬರುವ ಕೊರತೆ ಹೆಂಗಸರಿಗಿಂತ ಗಂಡಸರಲ್ಲೇ ಹೆಚ್ಚು. ಅಂಥವರಿಗೆ ತಿಳಿಗುಲಾಬಿ ಬೂದುಬಣ್ಣದಂತೆ ಕಾಣಬಹುದು, ಅದು ಅವರಿಗೇ ಗೊತ್ತಿಲ್ಲದಿರಬಹುದು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುವುದರಿಂದ ಅತ್ತೆಯವರಿಗೆ ಕಾಣುವ ಗುಲಾಬಿಯೂ ನಿಮ್ಮದಲ್ಲ. ಯಾರೂ ಸುಳ್ಳು ಹೇಳುತ್ತಿಲ್ಲ, ಹಟವನ್ನೂ ಮಾಡುತ್ತಿಲ್ಲ.

ಹಾಗಾದರೆ ಯಾರ ಮಾತು ನಡೆಯಬೇಕು? ಆ ಕೋಣೆಯಲ್ಲಿ ಮಲಗಿ ಏಳುವವರದು. ಬೆಲೆ, ಬಾಳಿಕೆ ನೋಡಿ ನೀವು ಎರಡಕ್ಕೆ ಇಳಿಸಿ, ಆ ಎರಡರಲ್ಲಿ ಒಂದನ್ನು ಮಗಳೇ ಆರಿಸಲಿ. ಗುಲಾಬಿಯೇ ಬೇಡ ಎಂದಳೋ, ಅದನ್ನೂ ಕೇಳಿ. ಗುಲಾಬಿ ಹೆಣ್ಣುಮಕ್ಕಳ ಬಣ್ಣವೆಂಬುದು ಹಳೆಯ ಕಟ್ಟಳೆಯೇನಲ್ಲ. 1918ರಲ್ಲಿ ಅಮೆರಿಕದ ಒಂದು ಮಕ್ಕಳ ಉಡುಪಿನ ವ್ಯಾಪಾರ ಪತ್ರಿಕೆ ಗುಲಾಬಿ ಗಂಡುಮಕ್ಕಳಿಗೆ, ನೀಲಿ ಹೆಣ್ಣುಮಕ್ಕಳಿಗೆ ಎಂದೇ ಸಲಹೆ ಕೊಟ್ಟಿತ್ತು.

ಕೊಳ್ಳುವಾಗ

10 ಅಡಿಗೆ 12 ಅಡಿ ಕೋಣೆ, 10 ಅಡಿ ಎತ್ತರವೆಂದರೆ ಗೋಡೆ 440 ಚದರ ಅಡಿ. ಬಾಗಿಲು, ಕಿಟಕಿಗೆ 60 ಕಳೆದರೆ 380. ನುಣುಪಾದ ಗೋಡೆಗೆ ಎರಡು ಕೋಟಿಗೆ ಸುಮಾರು 3ರಿಂದ 4 ಲೀಟರ್ ಎಮಲ್ಷನ್ ಸಾಕು. ಎಲ್ಲವನ್ನೂ ಒಂದೇ ದಿನ ಬೆರೆಸಿ ತನ್ನಿ. ಡಬ್ಬಿ ಎರಡಾದರೆ ದೊಡ್ಡ ಬಕೆಟಿನಲ್ಲಿ ಸೇರಿಸಿ ಕಲಸಿಸಿ, ಇಲ್ಲವಾದರೆ ಗೋಡೆಯ ನಡುವೆ ಗೆರೆ ಕಾಣಬಹುದು. ಬಣ್ಣದ ಸಂಖ್ಯೆಯ ಚೀಟಿಯನ್ನು ಜೋಪಾನ ಮಾಡಿ.

ಮಕ್ಕಳ ಕೋಣೆಯಾದ್ದರಿಂದ ಇನ್ನೊಂದು ಎಚ್ಚರ. ಮನೆಗೆ ಬಳಸುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ 2017ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಅದಕ್ಕಿಂತ ಹಳೆಯ ಬಣ್ಣದಲ್ಲಿ, ಮುಖ್ಯವಾಗಿ ಬಾಗಿಲು ಕಿಟಕಿಗಳ ಎನಾಮೆಲ್‌ನಲ್ಲಿ, ಸೀಸ ಹೆಚ್ಚಿರಬಹುದು. ಅದನ್ನು ಕೆರೆಯುವಾಗ ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿಡಿ, ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ.

ಇಷ್ಟಕ್ಕೆಲ್ಲ ಬೇಕಾಗುವುದು ಎರಡು ರಟ್ಟು, ಎರಡು ದಿನ. ಪೈಂಟರ್ ಅಷ್ಟು ಕಾಯಲಿ, ಪರವಾಗಿಲ್ಲ. ಅವರು ನಾಳೆ ಹೋಗುತ್ತಾರೆ, ಬಣ್ಣ ನಿಮ್ಮ ಜೊತೆಗಿರುತ್ತದೆ.